ಮುಕ್ತಾರ್ ಸಾಬರ ಕಾಲು ಗ್ಯಾಲನ್

ಭಾನುವಾರ ಬೆಳಗಿನ ಜಾವ ಐದೂವರೆ. ಶಿರಾ ಊರಾಚೆ, ಮಧುಗಿರಿ ರಸ್ತೆಯ ತಗಡಿನ ಶೆಡ್ಡಿನ ಮುಂದೆ ಮುಕ್ತಾರ್ ಸಾಬರು ಹಳೆಯ ಬಾಡಿಗೆ ಕಾರೊಂದರ ಮುಂಗಾಜಿನ ಪಕ್ಕಕ್ಕೆ ಸೀಸೆಯೊಂದನ್ನು ತಲೆಕೆಳಗಾಗಿ ಕಟ್ಟುತ್ತಿದ್ದಾರೆ. ಸೀಸೆಯಲ್ಲಿರುವುದು ಅಳೆದು ಸುರಿದ ಕಾಲು ಗ್ಯಾಲನ್ ಪೆಟ್ರೋಲು. ಅದರ ಬಾಯಿಂದ ಹೊರಟ ರಬ್ಬರ್ ಕೊಳವೆ ಬಾನೆಟ್ಟಿನೊಳಗೆ ನುಗ್ಗಿ ಕಾರ್ಬೊರೇಟರ್ ಸೇರಿದೆ. ಟ್ಯಾಂಕಿಗೆ ಇವತ್ತು ರಜೆ.

ಕಾರಿನೊಳಗೆ ಆಗಲೇ ಆರು ಜನ ಒತ್ತಿಕೊಂಡು ಕೂತಿದ್ದಾರೆ. ದಿನವೂ ಇದರಲ್ಲೇ ಕೆಲಸಕ್ಕೆ ಹೋಗುವವರು. ರಜೆಯ ದಿನ ಇವರ ನಿದ್ದೆ ಕೆಡಿಸಿದವರು ಸಾಬರೇ.

"ಖಾಲಿ ಗಾಡಿ ಓಡ್ಸಿ ಮೈಲಿ ಎಣ್ಸೋದು ಬಿಲ್ಕುಲ್ ಸುಳ್ಳು. ದಿನಾ ಹೊರೋ ಜನಾನೇ ಕೂತ್ಕಬೇಕು," ಎನ್ನುತ್ತಾರೆ ಸಾಬರು. ಆಮೇಲೆ ಒಳಗೆ ಬಗ್ಗಿ, "ಯಾರೂ ಬೀಡಿ ಹಚ್ಬ್ಯಾಡ್ರಪ್ಪಾ, ಎಲ್ರೂ ಒಟ್ಗೆ ಮ್ಯಾಕೋಗ್ತೀವಿ!"

ಕಾರಿನ ಯಜಮಾನರೂ ಡ್ರೈವರೂ ಆದ ಗೌಡಗೆರೆಯ ಓಬಳಯ್ಯ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಗ್ಯಾಲನ್ನಿಗೆ ಹದಿನೆಂಟೇ ಮೈಲಿ ಓಡುತ್ತಿದ್ದ ಈ ಗಾಡಿ, ಸಾಬರು ಕೈಯಾಡಿಸಿದ ಮೇಲೂ ಇಪ್ಪತ್ತನಾಲ್ಕು ಓಡದಿದ್ದರೆ ಪೆಟ್ರೋಲಿನ ಖರ್ಚೂ ಹುಟ್ಟದು, ನಾಳೆಯಿಂದ ಬಂದ್. ಅಂದರೆ ಸೀಸೆ ಬರಿದಾಗುವ ಮೊದಲು ಆರನೇ ಮೈಲಿಗಲ್ಲು ದಾಟಬೇಕು. ದಾಟದಿದ್ದರೆ ಎಲ್ಲರಿಗಿಂತ ಹೆಚ್ಚಿನ ಪೆಟ್ಟು ಬಡವನಹಳ್ಳಿ ಶಾಲೆಯ ಟೀಚರ್ ರಾಜಲಕ್ಷ್ಮಮ್ಮನವರಿಗೆ. ಮೊದಲ ಬಸ್ಸು ಅಲ್ಲಿ ಮುಟ್ಟುವಷ್ಟರಲ್ಲಿ ಎರಡು ಪೀರಿಯಡ್ಡು ಮುಗಿದಿರುತ್ತದೆ. ಗಾಡಿ ಕೈಕೊಟ್ಟ ದಿನ ತಡವಾಗಿ ಹೋದದ್ದಕ್ಕೆ ಈಗಾಗಲೇ ಎರಡು ಮೆಮೋ ಬಂದಿವೆ. "ಈ ಗಾಡಿ ನಿಂತ್ರೆ ನನ್ ಕೆಲ್ಸಾನೂ ನಿಂತಂಗೇ," ಎನ್ನುತ್ತಾರೆ ಅವರು.

ಸಾಬರಿಗೆ ಈಗ ಐವತ್ತೆರಡು. ತಂದೆ ಬೀಗ ರಿಪೇರಿಯವರು. ಯುದ್ಧಕಾಲದಲ್ಲಿ ಬೆಂಗಳೂರಿನ ಮಿಲಿಟರಿ ಲಾರಿ ಶೆಡ್ಡಿನಲ್ಲಿ ನಾಲ್ಕು ವರ್ಷ ದುಡಿದಾಗ, ಪೆಟ್ರೋಲಿಗೂ ರೇಷನ್ನಿದ್ದ ಆ ದಿನಗಳಲ್ಲಿ, ಹನಿಯ ಬೆಲೆ ಕಲಿತರು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ನಲವತ್ತಕ್ಕೂ ಹೆಚ್ಚು ಮುದಿ ಕಾರುಗಳು ಇವರ ಕೈಯಲ್ಲಿ ಮಿತಾಹಾರ ಕಲಿತಿವೆ. ಪೆಟ್ರೋಲು ಚಿಮ್ಮುವ ಹಿತ್ತಾಳೆ ಜೆಟ್ಟಿನ ತೂತಿಗೆ ಬೆಸುಗೆ ತುಂಬಿ, ಮತ್ತೆ ಸಣ್ಣದಾಗಿ ಕೊರೆಯುತ್ತಾರೆ. ಅಳತೆಗೆ ಹೆಂಡತಿ ಬದರುನ್ನೀಸಾ ಅವರ ಹೊಲಿಗೆ ಸೂಜಿ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಬ್ರೇಕು ಸುಮ್ಮನೆ ಉಜ್ಜುತ್ತಿದೆಯೇ ಎಂದು ಕಿವಿಗೊಟ್ಟು ಕೇಳುತ್ತಾರೆ.

ಅತಿ ಆಸೆ ಗತಿ ಕೇಡು ಎಂಬುದೂ ಅವರಿಗೆ ಗೊತ್ತು. "ಒಂದ್ಸಲ ತೂತು ತೀರಾ ಸಣ್ಣ ಮಾಡ್ಬುಟ್ಟೆ. ಚನ್ನರಾಯನದುರ್ಗದ ಏರಲ್ಲಿ ಇಂಜಿನ್ ಕಾದು ವಾಲ್ವ್ ಸುಟ್ಟೋಯ್ತು. ಎತ್ತು ಕಟ್ಟಿ ಎಳ್ಕಂಡ್ ಬಂದ್ವಿ. ದಾರಿ ಉದ್ದಕ್ಕೂ ಜನ ನಕ್ಕಿದ್ದೇ ನಕ್ಕಿದ್ದು."

ಸಾಬರೂ ಹಿಂದಿನ ಸೀಟಿಗೆ ತೂರಿಕೊಂಡ ಮೇಲೆ ಕಾರು ಹೊರಡುತ್ತದೆ. ಟೀಚರಮ್ಮ ಕಲ್ಲು ಎಣಿಸುತ್ತಾರೆ. ನಾಲ್ಕು, ಐದು, ಆರು. ಏಳನೇ ಕಲ್ಲೂ ಹಿಂದೆ ಸರಿದ ಮೇಲೆ ಇಂಜಿನ್ ಕೆಮ್ಮಿ ನಿಲ್ಲುತ್ತದೆ. ಒಳಗೆ ಹೋ ಎಂಬ ಕೂಗು. ಓಬಳಯ್ಯನವರ ಮುಖ ಊರಗಲ. ಸಾಬರು ಮಾತ್ರ ನಗುವುದಿಲ್ಲ.

"ಓಬಳಯ್ಯಾ, ಇಳಿಜಾರಲ್ಲಿ ಇಂಜಿನ್ ಆಫ್ ಮಾಡ್ದೆ, ಅಲ್ವಾ?"

ಓಬಳಯ್ಯ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಪೆಟ್ರೋಲು ಉಳಿಸಲು ಇಳಿಜಾರು ಕಂಡಲ್ಲೆಲ್ಲ ಕೀಲಿ ತಿರುಗಿಸಿ ಗಾಡಿಯನ್ನು ಸುಮ್ಮನೆ ಜಾರಬಿಡುವುದು ಈ ಕಡೆಯ ಡ್ರೈವರುಗಳ ಹಳೇ ಚಾಳಿ. "ಕೈ ತಂತಾನೇ ಹೋಯ್ತು ಸಾಬ್ರೇ. ಆದ್ರೇನು, ಗೆದ್ವಲ್ಲ! ಬುಟ್ಬುಡಿ."

"ಇಂಜಿನ್ ಮಲ್ಗಿದ್ದಾಗ ಜಾರಿದ್ ಮೈಲಿ ಲೆಕ್ಕಕ್ಕಿಲ್ಲ. ತಿರುಗ್ಸು ಗಾಡಿ."

ಗೆದ್ದ ಪಂದ್ಯವನ್ನು ಕೈಯಾರೆ ಕಳೆದುಕೊಳ್ಳುವ ಮನುಷ್ಯನನ್ನು ಕಂಡು ಟೀಚರಮ್ಮನಿಗೆ ಅಳುವೇ ಬರುತ್ತದೆ. "ಯಾಕ್ ಸಾಬ್ರೇ? ಅವ್ರೇ ಒಪ್ಕೊಂಡ್ರಲ್ಲ!"

"ಇವತ್ತು ಒಪ್ತಾನೆ ಕಣಮ್ಮ. ತಿಂಗ್ಳು ಕಳುದ್ರೆ ಸುಳ್ಳು ಗೊತ್ತಾಯ್ತದೆ, ಗಾಡಿ ನಿಲ್ಲಿಸ್ತಾನೆ. ಆಗ ನೀವೆಲ್ಲೋಗ್ತೀರಿ?"

ಜೊತೆಗೆ ತಂದಿದ್ದ ಡಬ್ಬಿಯ ಪೆಟ್ರೋಲು ಸುರಿದು ಶಿರಾಕ್ಕೆ ವಾಪಸು. ಸೀಸೆಗೆ ಮತ್ತೆ ಕಾಲು ಗ್ಯಾಲನ್. ಈ ಸಲ ಸಾಬರು ಓಬಳಯ್ಯನವರ ಪಕ್ಕ ಕೂತು ಕೀಲಿಯ ಮೇಲೆ ತಮ್ಮ ಕೈ ಮುಚ್ಚಿದ್ದಾರೆ. ಐದನೇ ಕಲ್ಲು ದಾಟುವಾಗ ಸೀಸೆಯಲ್ಲಿ ನಾಲ್ಕು ಬೆರಳು ಉಳಿದಿದೆ. ಆರನೇ ಕಲ್ಲು ಬರುತ್ತದೆ, ಹೋಗುತ್ತದೆ. ಅರ್ಧ ಮೈಲಿ ಆಚೆ ಹುಣಸೆಮರದ ಹತ್ತಿರ ಕಾರು ನಿಲ್ಲುತ್ತದೆ.

ಗ್ಯಾಲನ್ನಿಗೆ ಇಪ್ಪತ್ತಾರು. ಓಬಳಯ್ಯ ಕೆಳಗಿಳಿದು ಸಾಬರ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಇಂಥವರನ್ನು ನೋಡಿದರೆ ಹೆಮ್ಮೆಯಾಗುತ್ತದೆ ಎಂದು ಬರೆಯಲು ಈ ಲೇಖನಿಗೆ ಸಂಕೋಚವಿಲ್ಲ.

ಸಾಬರ ಬಳಿ ಇರುವುದು ಒಂದು ಸೈಕಲ್ಲು. ಸ್ವಂತಕ್ಕೊಂದು ಕಾರು ಬೇಡವೇ ಎಂದರೆ ಕೈ ಒರೆಸಿಕೊಳ್ಳುತ್ತ ನಗುತ್ತಾರೆ.

"ನನಗ್ಯಾಕ್ ಸ್ವಾಮಿ ಕಾರು? ನಾಳೆ ಬೆಲ್ ಹೊಡ್ಯೋ ಹೊತ್ಗೆ ಟೀಚರಮ್ಮ ಕ್ಲಾಸಲ್ಲಿರ್ತಾರೆ. ಅಷ್ಟ್ ದೂರ ನಾನೂ ಹೋದಂಗೇ."