ಪೆಟ್ಟಿಗೆಯೊಳಗೆ ಹಾಕಿದ ನೀರುಗಂಟಿ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಶಿಕಾರಿಪುರದಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ತರಬೇತಿ ಕೇಂದ್ರ ನಡೆಸುತ್ತಿದ್ದೆ. ಒಂದು ಓಡುತ್ತಿತ್ತು, ಇನ್ನೊಂದೂ ಓಡುತ್ತದೆಂದು ನಂಬಿ ಹುಡುಗಿಯರು ಸೇರುತ್ತಿದ್ದರು. ಕರೆಂಟು ಹೋದರೆ ಬೋರ್ಡಿನ ಮೇಲೆ ಪಾಠ, ಬಂದರೆ ಕಂಪ್ಯೂಟರಿನಲ್ಲಿ. ಬೋರ್ಡಿನ ಮೇಲೇ ಜಾಸ್ತಿ. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿ, ಮನೆಯಲ್ಲಿ ಯಾರಾದರೂ ಮಾತಾಡಿಸಿದರೆ ಮೈ ಉರಿಯುತ್ತಿತ್ತು.

ಆ ಬೋರ್ಡಿನ ಪಾಠಗಳಲ್ಲಿ ಯೂಸ್ ಕೇಸ್ ಎನ್ನುವುದೊಂದು. ಶಿವಮೊಗ್ಗದಲ್ಲಿ ಹದಿನೈದು ದಿನದ ತರಬೇತಿಗೆ ಹೋಗಿ ಕಲಿತು ಬಂದಿದ್ದೆ. ಬ್ರಹ್ಮವಿದ್ಯೆಯೇನಲ್ಲ. ಪ್ರೋಗ್ರಾಮ್ ಬರೆಯುವ ಮೊದಲು, ಅದರಿಂದ ಯಾರಿಗೆ ಏನು ಆಗಬೇಕು ಎಂದು ಕೇಳಿಕೊಂಡು ಚಿತ್ರ ಬರೆಯುವುದು, ಅಷ್ಟೆ. ನಡುವೆ ಒಂದು ದೊಡ್ಡ ಪೆಟ್ಟಿಗೆ. ಅದು ಕಂಪ್ಯೂಟರ್ ವ್ಯವಸ್ಥೆ. ಅದು ಮಾಡಿಕೊಡುವ ಒಂದೊಂದು ಕೆಲಸಕ್ಕೂ ಪೆಟ್ಟಿಗೆಯ ಒಳಗೆ ಒಂದೊಂದು ಸುತ್ತು. ಆ ಕೆಲಸ ಬೇಕಾದವರು ಪೆಟ್ಟಿಗೆಯ ಹೊರಗೆ, ಕಡ್ಡಿ ಕೈಕಾಲಿನ ಮನುಷ್ಯರಾಗಿ ನಿಲ್ಲುತ್ತಾರೆ. ನಮಗೆ ಹೇಳಿಕೊಟ್ಟವರು ಎಟಿಎಂ ಉದಾಹರಣೆ ಕೊಟ್ಟಿದ್ದರು. ನಮ್ಮಲ್ಲಿ ಒಬ್ಬರೂ ಎಟಿಎಂ ಕಂಡವರಲ್ಲ. ನಾನು ಊರಿಗೆ ಬಂದು ಅದನ್ನೇ ಮೂರು ಬ್ಯಾಚಿಗೆ ಕಲಿಸಿದೆ.

ಹಾಗಿರುವಾಗ ಸೊರಬದ ಕಡೆಯ ಒಂದು ಊರಿನಿಂದ ಕೆರೆ ಸಮಿತಿಯ ಕಾರ್ಯದರ್ಶಿ ಬಂದರು. ಗೊಬ್ಬರದ ವ್ಯಾಪಾರದವರು, ಗದ್ದೆಯೂ ಇತ್ತು. ಬೇಸಿಗೆ ಭತ್ತಕ್ಕೆ ಕೆರೆಯ ನೀರನ್ನು ಸರದಿಯ ಮೇಲೆ ಬಿಡುವ ಊರು ಅದು.

"ಯಾರ ಸರದಿ ಯಾವತ್ತು ಅಂತ ಕಂಪ್ಯೂಟರಿನಾಗೆ ಪಟ್ಟಿ ತೆಗೆದುಕೊಡ್ರಿ ಮೇಡಮ್ಮೋರೆ. ಮಷಿನ್ನು ಹೇಳಿದ್ರೆ ಯಾರೂ ತಕರಾರು ತೆಗೆಯಲ್ಲ."

"ಈಗ ಯಾರು ಹೇಳ್ತಾರೆ?"

"ನೀರುಗಂಟಿ ಅದಾನಲ್ರಿ. ಎಲ್ಲ ಅವನ ತಲೇಲಿ ಐತೆ. ಅದನ್ನ ಕೇಳಿ ಬರಕೊಳ್ಳಿ."

ಬಯೋಡೇಟಾ ಟೈಪು ಮಾಡಿ ಮಾಡಿ ಸಾಕಾಗಿದ್ದ ನನಗೆ ಹೋದ ಜೀವ ಬಂದಂತಾಯಿತು. ಕೊನೆಗೂ ಎಟಿಎಂ ಅಲ್ಲದ್ದು ಒಂದು ಸಿಕ್ಕಿತು.

ಕೆರೆಯ ತೂಬು ಎತ್ತಿ ಇಳಿಸಿ, ಗದ್ದೆ ಗದ್ದೆಗೆ ನೀರು ತಿರುಗಿಸುವವರೇ ನೀರುಗಂಟಿ. ಅವರಿಗೆ ಸ್ವಂತ ಗದ್ದೆ ಇರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯ ಕಣದಲ್ಲೂ ಅವರ ಪಾಲಿನ ಭತ್ತವನ್ನು ಮೊರದಲ್ಲಿ ಅಳೆದು ಹಾಕುವುದು ರೂಢಿ. ಅದೇ ಅವರ ಮನೆಯ ವರ್ಷದ ಅನ್ನ.

ಐದಾರು ಸಲ ಹೋದೆ. ಶಿಕಾರಿಪುರದಿಂದ ಸೊರಬ, ಅಲ್ಲಿ ಉಳವಿಯ ಬಸ್ಸು, ನಡುವೆ ಒಂದು ಕ್ರಾಸಿನಲ್ಲಿ ಇಳಿದು ನಡಿಗೆ. ಸೀಟು ಸಿಕ್ಕ ನೆನಪೇ ಇಲ್ಲ. ಅವರು ತೂಬಿನ ಕಲ್ಲಿನ ಮೇಲೆ ಕೂರುತ್ತಿದ್ದರು, ನಾನು ಕೆರೆಯ ಏರಿಯ ಮೇಲೆ ನೋಟ್‌ಬುಕ್ ಬಿಚ್ಚುತ್ತಿದ್ದೆ.

"ಯಾರಾದ್ರೂ ಸರದಿ ತಪ್ಪಿಸಿ ನೀರು ತಿರುಗಿಸಿಕೊಂಡ್ರೆ?"

"ಬಯ್ತೀನಿ."

"ಬೈದರೂ ಕೇಳದಿದ್ರೆ?"

"ಅವನ ಹೆಂಡ್ತಿಗೆ ಹೇಳ್ತೀನಿ."

ನಗು ತಡೆದುಕೊಂಡು ಅದನ್ನೂ ಬರೆದುಕೊಂಡೆ. ಅವರು ಏನನ್ನೂ ಮುಚ್ಚಿಡುವ ಪೈಕಿಯಲ್ಲ. ನಾನು ಕೈಬಿಟ್ಟದ್ದನ್ನು ಅವರೇ ನೆನಪಿಸಿ, "ಅದನ್ನ ಬರಕಂಡ್ರಾ ಅಮ್ಮಾ?" ಎನ್ನುತ್ತಿದ್ದರು. ಹಾಗೆ ಒಂದು ದಿನ ಹೇಳಿದರು: "ಸಾವಾದ ಮನೆಯವ್ರು ಹನ್ನೊಂದು ದಿನ ಗದ್ದೆಗೆ ಇಳಿಯಂಗಿಲ್ಲ. ಅವರ ಗದ್ದೆಗೆ ನಾನೇ ನೀರು ತಿರುಗಿಸಿ ಬರ್ತೀನಿ. ಬ್ಯಾರೆಯವ್ರು ಅವರ ಬದು ಮುಟ್ಟಂಗಿಲ್ಲ. ಮುಟ್ಟಿದ್ರೆ ಆಮೇಲೆ ಅದೇ ಜಗಳ."

ಚಿತ್ರ ಬರೆದು ಶಾಲೆಯ ಜಗುಲಿಯಲ್ಲಿ ಸಮಿತಿಯವರಿಗೆ ತೋರಿಸಿದೆ. ಪೆಟ್ಟಿಗೆಯ ತುಂಬ ಸುತ್ತುಗಳು: ಸರದಿ ಹೇಳುವುದು, ತಕರಾರು ಬಗೆಹರಿಸುವುದು, ಸಾವಾದ ಮನೆಯ ಗದ್ದೆಗೆ ನೀರು. ಹೊರಗೆ ಇಬ್ಬರೇ ಕಡ್ಡಿ ಮನುಷ್ಯರು: ರೈತ, ಕಾರ್ಯದರ್ಶಿ. ಕಾರ್ಯದರ್ಶಿಗಳು ತಲೆದೂಗಿದರು. ಓದು ಬಾರದ ನೀರುಗಂಟಿ ಮುಂದೆ ಬಂದು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದ್ರಾಗೆ ನಾ ಎಲ್ಲಿದೀನಿ ಅಮ್ಮಾ?"

"ಈ ಇಡೀ ಪೆಟ್ಟಿಗೆನೇ ನೀವು ಯಜಮಾನ್ರೆ," ಎಂದೆ.

ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಪಕ್ಕದವರನ್ನು ಕರೆದು, "ನೋಡಾ, ಇದು ಪೂರಾ ನಾನೇ," ಎಂದು ಗೆರೆಯ ಸುತ್ತ ಬೆರಳಾಡಿಸಿ ತೋರಿಸಿದರು. ಪೆಟ್ಟಿಗೆಯ ಒಳಗೆ ಹೋದ ಕೆಲಸ ಇನ್ನು ಮುಂದೆ ಮಷಿನ್ನಿನದು, ಅದಕ್ಕೆ ಮನುಷ್ಯ ಬೇಕಿಲ್ಲ ಎಂದು ನಾನೇ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ್ದೆ. ಇಡೀ ಪೆಟ್ಟಿಗೆನೇ ನೀವು ಎನ್ನುವಾಗಲೇ ನನಗದು ಗೊತ್ತಿತ್ತು. ಆದರೆ ದಣಿದಿದ್ದೆ, ಬಸ್ಸಿನ ಹೊತ್ತಾಗಿತ್ತು, ಬಿಡಿಸಿ ಹೇಳುವುದಕ್ಕಿಂತ ಹೊಗಳಿ ಏಳುವುದು ಸುಲಭವಾಗಿತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆ ಬೇಸಿಗೆ ವಾರಕ್ಕೊಂದು ಪಟ್ಟಿ ನನ್ನ ಪ್ರಿಂಟರಿನಿಂದ ಹೋಗಿ ಶಾಲೆಯ ಗೋಡೆಗೆ ಅಂಟಿತು. ಸಾವಾದ ಮನೆಯ ಹೆಸರಿನ ಮುಂದೆ ಒಂದು ನಕ್ಷತ್ರ, ಕೆಳಗೆ "ಈ ಗದ್ದೆಗೆ ನೀರು ಬಿಡಬೇಕು" ಎಂಬ ಸಾಲು ಬರುವಂತೆ ಮಾಡಿದ್ದೆ. ಅದು ನನ್ನ ಹೆಮ್ಮೆಯ ಸಂಗತಿ. ಸುಗ್ಗಿಯ ಹೊತ್ತಿಗೆ ಊರು ಬೇರೆ ಲೆಕ್ಕ ಹಾಕಿತು ಎಂದು ಆಮೇಲೆ ತಿಳಿಯಿತು. ನೀರುಗಂಟಿ ಮೊರ ಹಿಡಿದು ಕಣಕ್ಕೆ ಹೋದರೆ, "ಸರದಿ ಪಟ್ಟೀಲಿ ಇತ್ತಲ್ಲೋ, ನಿಂದೇನು ಈ ಸಲ? ತೂಬು ಯಾರು ಬೇಕಾದ್ರೂ ಎತ್ತಬೌದು," ಎಂದರಂತೆ. ಕೆಲವರು ಅರ್ಧ ಹಾಕಿದರು, ಕೆಲವರು ಅದೂ ಇಲ್ಲ. ಮಳೆಗಾಲ ಕಳೆದ ಮೇಲೆ ಅವರು ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟು, ತಾಳಗುಂದದ ಕಡೆಯ ಒಂದು ಇಟ್ಟಿಗೆ ಭಟ್ಟಿಗೆ ಸೇರಿಕೊಂಡರು.

ಮರುವರ್ಷ ಬೇಸಿಗೆಯಲ್ಲಿ ಕಾರ್ಯದರ್ಶಿಗಳು ಸಿಟ್ಟಿನಿಂದಲೇ ಬಂದರು.

"ನಿಮ್ಮ ಪ್ರೋಗ್ರಾಮು ಕೆಟ್ಟೈತೆ ನೋಡ್ರಿ. ಕೆರೆ ಕೆಳಗಿನ ಮನೆ ಅಜ್ಜಿ ತೀರಿಕೊಂಡ್ಲು. ಅವರ ಗದ್ದೆ ಒಣಗಿ ಹೋತು."

ತೆಗೆದು ನೋಡಿದೆ. ಏನೂ ಕೆಟ್ಟಿರಲಿಲ್ಲ. ನಕ್ಷತ್ರ ಬಿದ್ದಿತ್ತು, ಸಾಲು ಬಂದಿತ್ತು. ಊರಿನವರೆಲ್ಲ ಅದನ್ನು ಓದಿದ್ದಾರೆ, ಯಾರೋ ಬಿಡುತ್ತಾರೆಂದು ಸುಮ್ಮನಾಗಿದ್ದಾರೆ. ಸೂತಕದ ಮನೆಯವರು ಇಳಿಯುವಂತಿಲ್ಲ, ಬೇರೆಯವರು ಬದು ಮುಟ್ಟುವಂತಿಲ್ಲ. ಭತ್ತ ತೆನೆಗೆ ಬರುವ ಹೊತ್ತು, ಗದ್ದೆ ಬಿರುಕು ಬಿಟ್ಟಿದೆ. ಯಾರು ಬಿಡಬೇಕು ಎಂದು ನಾನು ಬರೆದಿರಲಿಲ್ಲ. ಬಿಡುವವರನ್ನು ಪೆಟ್ಟಿಗೆಯೊಳಗೆ ಹಾಕಿ ಮುಗಿಸಿದ್ದೆನಲ್ಲ.

"ಅವನನ್ನೇ ಹಿಡಿದು, ಇನ್ನೂ ಏನೇನು ಬಿಟ್ಟೋಗೈತೋ ಕೇಳಿಕೊಂಡು ಬರ್ರಿ," ಎಂದರು ಕಾರ್ಯದರ್ಶಿಗಳು.

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನೋಟ್‌ಬುಕ್ ಹಿಡಿದುಕೊಂಡೇ ಹೋದೆ. ಭಟ್ಟಿಯ ಹತ್ತಿರ ಹಸಿ ಇಟ್ಟಿಗೆ ಹೊರುತ್ತಿದ್ದವರು ನನ್ನನ್ನು ಕಂಡು ಕೈ ತೊಳೆದುಕೊಂಡು ಬಂದರು. "ಬಿಸಿಲಾಗೆ ನಡಕಂಡು ಬಂದ್ರಾ ಅಮ್ಮಾ," ಎಂದು ನೆರಳಿಗೆ ಕರೆದರು. ಆ ಮನೆಯ ಸುದ್ದಿ ಹೇಳಿದೆ. "ಅಯ್ಯೋ, ಆ ಅಜ್ಜಿ ಹೋದ್ಲಾ," ಎಂದರು. ಆಮೇಲೆ ಕೇಳಿದ್ದು ಒಂದೇ, ಗದ್ದೆ ಮೇಲಿನ ಬದಿಯಿಂದ ಒಣಗಿತೋ ಕೆಳಗಿನ ಬದಿಯಿಂದಲೋ ಎಂದು. ನನಗೆ ಗೊತ್ತಿರಲಿಲ್ಲ.

"ಇನ್ನೂ ಏನಾದ್ರೂ ಹೇಳೋದು ಉಳಿದಿದ್ರೆ ಹೇಳಿ ಯಜಮಾನ್ರೆ, ಬರ್ಕೊಳ್ತೀನಿ," ಎಂದೆ.

ಅವರು ನನ್ನ ನೋಟ್‌ಬುಕ್ಕನ್ನು ನೋಡಿದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಕೇಳಿದ್ದಕ್ಕೆಲ್ಲ ಹೇಳಿದೀನಲ್ಲಮ್ಮಾ. ನಮ್ಮಪ್ಪ ನಂಗೆ ಹೇಳಿಕೊಟ್ಟಿದ್ದೂ ಹೇಳ್ದೆ. ಒಂದೆರಡಾದ್ರೂ ಹೇಳ್ದೆ ಇಟ್ಕಂಡಿದ್ರೆ, ಈ ವರ್ಷ ನಮ್ಮನೇಲೂ ಭತ್ತ ಇರ್ತಿತ್ತು."