ಹೊಳ್ಳಿ ಬರ್ತೀನಂದ ಕ್ಯಾಪ್ಟನ್

ಮೊನ್ನೆ ಟ್ರಂಕಿನಲ್ಲಿ ಹಳೇ ಕಾಗದ ಹುಡುಕುವಾಗ ಸ್ಪಿರಿಟ್ಟಿನ ವಾಸನೆ ಬಂದಂತಾಯಿತು. ಕೈಗೆ ಸಿಕ್ಕಿದ್ದು ಒಂದು ಕ್ಯಾಸೆಟ್ಟು. ಇಷ್ಟು ವರ್ಷದ ಮೇಲೆ ಅದರಲ್ಲಿ ವಾಸನೆ ಎಲ್ಲಿ ಉಳಿದೀತು, ನನ್ನ ತಲೆಯೊಳಗೇ ಇದ್ದಿರಬೇಕು… ದೇವದುರ್ಗದಲ್ಲಿ ನಮ್ಮ ಎದುರುಮನೆಯ ಕಂಪೌಂಡರ್ ಕಾಕಾ ತಮ್ಮ ಟೇಪ್ ರೆಕಾರ್ಡರನ್ನು ಸ್ಪಿರಿಟ್ಟಿನ ಹತ್ತಿಯಿಂದ, ಗಾಯ ಒರೆಸಿದಷ್ಟು ಹಗುರವಾಗಿ ಒರೆಸುತ್ತಿದ್ದರು.

ಆಗ ಓಣಿಗೆಲ್ಲ ಅವರದೊಂದೇ ಟಿವಿ. ಭಾನುವಾರ ಬೆಳಿಗ್ಗೆ ಪರದೇಶದ ಹಳೇ ಧಾರಾವಾಹಿಯೊಂದು ಹಿಂದಿಯಲ್ಲಿ ಬರುತ್ತಿತ್ತು. ಆಕಾಶನೌಕೆ, ತಗಡಿನ ಮನುಷ್ಯರು, ಎರಡು ಸೂರ್ಯ ಮೂಡುವ ಊರು. ಕೊನೇ ಕಂತಿನಲ್ಲಿ ಕ್ಯಾಪ್ಟನ್ ಗಾಯಗೊಂಡ ಗೆಳೆಯನನ್ನು ಬರಡು ಗ್ರಹದ ಮೇಲೆ ಮಲಗಿಸಿ, ತನ್ನ ಬ್ಯಾಟರಿ ದೀಪವನ್ನು ಅವನ ಕೈಗಿಡುತ್ತಾನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, "ಇಲ್ಲೇ ಇರು, ನಾ ಹೊಳ್ಳಿ ಬರ್ತೀನಿ" ಅನ್ನುತ್ತಾನೆ. ಗೆಳೆಯ "ಹೂಂ, ಹೋಗಿ ಬಾ" ಅನ್ನುತ್ತಾನೆ. ನೌಕೆ ಏಳುತ್ತದೆ. ಅಷ್ಟೇ, ಮುಗಿಯಿತು. ಮರುವಾರ ಆ ಹೊತ್ತಿಗೆ ಬೇರೇನೋ ಶುರುವಾಗಿತ್ತು.

ಕ್ಯಾಪ್ಟನ್ ನಿಜವಾಗಿ ಬರುವವನಿದ್ದನೋ, ಸುಳ್ಳು ಹೇಳಿ ಹೋದನೋ? ಈ ಒಂದು ಮಾತಿಗೆ ನಾವು ಮೂರು ತಿಂಗಳು ಜಗಳಾಡಿದೆವು. ಕಾಕಾ ಟಿವಿ ಮುಂದೆ ಟೇಪ್ ಇಟ್ಟು ಆ ಕಂತನ್ನು ಹಿಡಿದಿದ್ದರು. ಹಿಂದೆ ಓಡಿಸುವುದು, ಮತ್ತೆ ಕೇಳುವುದು. ಕ್ಯಾಪ್ಟನ್ನನ ಮಾತಿಗೂ ಗೆಳೆಯನ "ಹೂಂ"ಗೂ ನಡುವೆ ಒಂದು ಕೆಮ್ಮು ಕೇಳುತ್ತಿತ್ತು. ಅದು ಆ ಗ್ರಹದ್ದಲ್ಲ. ಒಳಕೋಣೆಯಲ್ಲಿದ್ದ ಕಾಕಾನ ಹೆಂಡತಿ, ನಮ್ಮ ಚಿಗವ್ವನದು. ನಾವು ಪ್ರತಿಸಲ ನಗುತ್ತಿದ್ದೆವು.

ನಮ್ಮ ಕಡೆ ಭಜನೆಯಲ್ಲಿ ಎರಡು ಮೇಳ ಎದುರುಬದುರು ಕೂತು ಸವಾಲ್-ಜವಾಬ್ ಹಾಡುತ್ತವೆ. ನಾವೂ ಹಾಗೇ ಕೂತೆವು. ಕಾಕಾನದು ನಿಜದ ಮೇಳ, ಓಣಿಯ ಟೇಲರ್ ಮಾಮನದು ಸುಳ್ಳಿನ ಮೇಳ. ಕಾಲೇಜು ಕಲಿಯುತ್ತಿದ್ದ ನಾನು ನಡುವೆ ತಾಟು ಬಾರಿಸುವ ಪಂಚ.

"ಹೊಳ್ಳಿ ಬರಾವ ತನ್ನ ಬ್ಯಾಟ್ರಿ ಯಾಕ ಕೊಟ್ಟು ಹೋಗ್ತಾನ್ರೀ ಕಂಪೌಂಡರ್ರ?"

"ಕತ್ಲಾಗ ಹುಡುಕಾಕ ಗುರುತು ಬ್ಯಾಡೇನೋ ಟೇಲರ? ಬರಾವಂತನ ಕೊಟ್ಟಾನ."

"ನಿಮ್ಮ ಮಾತು ಯಾರು ನಂಬಬೇಕ್ರೀ! ನೋಯಂಗಿಲ್ಲ ಅಂದಂದೇ ಸೂಜಿ ಚುಚ್ಚಾವ್ರು ನೀವು."

ಕಾಕಾ ನಕ್ಕರು, ಪಟ್ಟು ಬಿಡಲಿಲ್ಲ. ನನಗೊಂದು ಹುಕಿ ಬಂತು. ಬರುವ ಭಾನುವಾರ ಮೇಳ ಅದಲುಬದಲಾಗಬೇಕು, ಕಾಕಾ ಸುಳ್ಳಿನ ಕಡೆ ಕೂತು ವಾದ ಮಾಡಬೇಕು ಅಂದೆ. ಟೇಲರ್ ಮಾಮ ತೊಡೆ ತಟ್ಟಿ "ಕಬೂಲ್" ಅಂದ. ಕಾಕಾ ಕೂಡ ತಲೆಯಾಡಿಸಿದರು.

ಆ ವಾರವೇ ಕಾಕಾ ಚಿಗವ್ವನನ್ನು ರಾಯಚೂರಿಗೆ ಕರೆದೊಯ್ದು ತೋರಿಸಿಕೊಂಡು ಬಂದರು. ಓಣಿಗೆ ಹೇಳಿದ್ದು, ಆಕೆಗೂ ಹೇಳಿದ್ದು ಒಂದೇ ಮಾತು: "ಕಫ ಕಟ್ಟ್ಯಾದ, ಔಷಧಕ್ಕ ಹಗುರಾಗ್ತದ." ಇದು ಹಗುರಾಗುವಂಥದ್ದಲ್ಲ, ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ಹೇಳಿದ್ದು ಕಾಕಾ ಒಬ್ಬರಿಗೇ ಗೊತ್ತಿತ್ತು. ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಭಾನುವಾರ ಕೂತೆವು. ಒಳಕೋಣೆಗೂ ನಮಗೂ ನಡುವೆ ಒಂದು ಹಳೇ ಸೀರೆಯ ಪರದೆ. ಟೇಪ್ ಓಡಿತು. ಕ್ಯಾಪ್ಟನ್ನನ ಮಾತು, ಕೆಮ್ಮು, "ಹೂಂ". ನಾನು ತಾಟು ಬಾರಿಸಿದೆ. "ಹೇಳ್ರಿ ಕಾಕಾ, ಕ್ಯಾಪ್ಟನ್ ಯಾಕ ಸುಳ್ಳು ಹೇಳಿದ?"

ಕಾಕಾ ಪರದೆಯ ಕಡೆ ನೋಡಿದರು. "ಇವತ್ತ ಬ್ಯಾಡ ಬಿಡಪಾ."

"ಯಾಕ ಬ್ಯಾಡ್ರೀ? ನಾಲಿಗಿ ಹೊಳ್ಳವಲ್ದೇನು?" ಟೇಲರ್ ಮಾಮ ಕೆಣಕಿದ.

"ಸೋತೆ ಅನ್ರಿ, ಬಿಡ್ತೀವಿ" ಅಂದೆ ನಾನು.

ಕಾಕಾನ ಮುಷ್ಟಿಯಲ್ಲಿ ಹತ್ತಿ ಇತ್ತು. ಹಿಂಡಿದ ಹಿಡಿತಕ್ಕೆ ಸ್ಪಿರಿಟ್ಟು ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಸಾಯುವವರಿಗೆ ಯಾಕೆ ಸುಳ್ಳು ಹೇಳುತ್ತಾರೆ ಎಂದು ಬಿಡಿಸಿ ಹೇಳಿದರೆ ಒಳಗೆ ಕೇಳುತ್ತದೆ. ಬಾಯಿ ಮುಚ್ಚಿ ಕೂತರೆ ಅದೂ ಕೇಳುತ್ತದೆ… ಇದೆಲ್ಲ ಆಮೇಲೆ ಹೊಳೆದದ್ದು. ಆಗ ನಾನು ತಾಟು ಬಾರಿಸುತ್ತಲೇ ಇದ್ದೆ.

ಪರದೆ ಸರಿಯಿತು. ಚಿಗವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ತಮ್ಮಾ, ಆ ತಾಟು ಕೆಳಗಿಡು. ಮೂರು ತಿಂಗಳಾತು, ಹೋದವನ ಮಾತನ್ನ ಹಿಂಜಾಕತ್ತೀರಿ. ಮಲಗಿದವ ಏನಂದ, ಯಾರರ ಕೇಳೀರೇನು?"

ನಾನು ತಾಟು ಕೆಳಗಿಟ್ಟೆ.

"ಆತಗ ಎಲ್ಲಾ ಗೊತ್ತಿತ್ತು. ಗೊತ್ತಿದ್ದೇ ಹೂಂ ಅಂದ. ಇಲ್ಲಾಂದ್ರ ಆ ಕ್ಯಾಪ್ಟನ್ನಗ ಕಾಲು ಕಿತ್ತಿಡಾಕ ಆಗ್ತಿತ್ತೇನು?" ಆಮೇಲೆ ಕಾಕಾನ ಕಡೆ ತಿರುಗಿ, ದಿನದ ದನಿಯಲ್ಲೇ ಅಂದಳು, "ಚಾ ಆರಾಕತ್ತದ. ಕುಡೀರಿ."

ಕಾಕಾ ಲೋಟ ಎತ್ತಿದರು. ಅರ್ಧ ಚಾ ಅಂಗಿಯ ಮೇಲೆ ಚೆಲ್ಲಿತು.

ಆ ಮನೆಯಲ್ಲಿ ಮತ್ತೆ ಮೇಳ ಕೂಡಲಿಲ್ಲ. ಜೋಳದ ರಾಶಿ ಮುಗಿಯುವ ಹೊತ್ತಿಗೆ ಚಿಗವ್ವ ಹೋದಳು. ಕಾಕಾ ಕ್ಯಾಸೆಟ್ಟು ತಂದು ನನ್ನ ಕೈಗಿಟ್ಟರು. "ಕೇಳಾಕ ಆಗವಲ್ದು. ಅಳಿಸಾಕೂ ಆಗವಲ್ದು. ನೀ ಇಟ್ಕೋ."

ನಾನು ನೌಕರಿಗೆಂದು ಮಾನ್ವಿ ಸೇರಿದೆ. ಹೋದ ವರ್ಷ ಕಾಕಾ ರಾಯಚೂರಿನ ದವಾಖಾನೆಯಲ್ಲಿ ಮಲಗಿದ್ದಾಗ ನೋಡಲು ಹೋಗಿದ್ದೆ. ಏಳುವಾಗ "ನಾಳಿ ಬರ್ತೀನಿ ಕಾಕಾ" ಅಂದುಬಿಟ್ಟೆ. ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು. ತುಟಿಯಂಚಿನಲ್ಲಿ ನಗು ಬಂತು.

"ಹೂಂ, ಹೋಗಿ ಬಾ."

ಮರುದಿನ ರಾಯಚೂರಿಗೆ ಹೊರಟ ಬಸ್ಸು ಕಲ್ಲೂರು ದಾಟುವುದರೊಳಗೆ ಫೋನು ಬಂತು.

ನಾನು ಸುಳ್ಳು ಹೇಳಿರಲಿಲ್ಲ. ಅವರಿಗೆಂದು ಕಟ್ಟಿಸಿಕೊಂಡ ಇಡ್ಲಿ ತೊಡೆಯ ಮೇಲೆ ಇನ್ನೂ ಬಿಸಿಯಾಗಿತ್ತು. ಕ್ಯಾಪ್ಟನ್ನನೂ ಹೀಗೇ ಹೊರಟಿದ್ದನೇನೋ… ಹೊರಟು, ಹಾದಿಯಲ್ಲಿರುವಾಗಲೇ… ಮೊದಲಿನಿಂದ ಕಾಕಾ ಹೇಳುತ್ತಿದ್ದದ್ದು ಅದನ್ನೇ ಅಲ್ಲವೇ? ಇವತ್ತಾದರೆ ನಾನು ಅವರ ಮೇಳದಲ್ಲೇ ಕೂಡುತ್ತಿದ್ದೆ. ಎದುರು ಕೂತು ಜಗಳಾಡಲು ಟೇಲರ್ ಮಾಮನೂ ಉಳಿದಿಲ್ಲ.

ಮನೆಯಲ್ಲೀಗ ಟೇಪ್ ರೆಕಾರ್ಡರ್ ಇಲ್ಲ. ಕ್ಯಾಸೆಟ್ಟನ್ನು ಅಂಗಿಯ ತುದಿಯಿಂದ ಒರೆಸಿದೆ. ಆ ಕೆಮ್ಮು ಇನ್ನೂ ಅದರೊಳಗಿದೆ… ನಾವು ಮೂರು ತಿಂಗಳು ನಕ್ಕದ್ದು.