ಶಾಸಕರ ಬ್ಯಾಂಡೇಜು

ಬೀದರಿನ ಮಿಷನ್ ಶಾಲೆಯಲ್ಲಿ ಬೈಬಲ್ಲನ್ನೂ ಬೀಜಗಣಿತವನ್ನೂ ಕಲಿಸಿ ನಿವೃತ್ತನಾದ ಮೇಲೆ ನಾನು ಒಬ್ಬ ಶಾಸಕರ ಆಪ್ತ ಸಹಾಯಕನಾದೆ. ಅವರ ಸಾರ್ವಜನಿಕ ಸೇವೆ ಆರಂಭವಾದದ್ದು ಭಾಲ್ಕಿಯ ಬಜಾರಿನಲ್ಲಿ, ಎದುರಾಳಿಯ ಕಡೆಯವನೊಬ್ಬ ತಲೆಗೆ ಹಾಕಿದ ಬಡಿಗೆಯಿಂದ. ಏಳು ಹೊಲಿಗೆ. ಆ ಚುನಾವಣೆಯಲ್ಲಿ ಅವರು ಭಾಷಣವನ್ನೇ ಮಾಡಲಿಲ್ಲ. ಬಿಳಿ ಬ್ಯಾಂಡೇಜಿನಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಕೈ ಮುಗಿದರು. ಹಲಬರ್ಗಾದ ಹೆಂಗಸರು ಸೆರಗು ಒದ್ದೆ ಮಾಡಿಕೊಂಡರು. ಗೆದ್ದರು. ಮುಂದಿನ ಸಲ ರಸ್ತೆ, ನೀರಿನ ಟಾಕಿ, ಶಾಲಾ ಕೋಣೆ ಎಲ್ಲ ಮಾಡಿಸಿ, ಯಾರ ಕೈಯಿಂದಲೂ ಏಟು ತಿನ್ನದೆ ನಿಂತರು. ಸೋತರು. ಇದರಿಂದ ಅವರು ಪ್ರಜಾಪ್ರಭುತ್ವದ ಬಗ್ಗೆ ಒಂದು ಸಿದ್ಧಾಂತಕ್ಕೆ ಬಂದರು. ಅದನ್ನು ಖಂಡಿಸಲು ನನ್ನ ಬೀಜಗಣಿತ ಸಾಲಲಿಲ್ಲ.

ಮೂರನೆಯ ಸಲ ಕ್ಷೇತ್ರ ಬದಲಿಸಿ ಔರಾದ್ ಕಡೆ ಹೊರಳಿದರು. ಪ್ರಚಾರ ಮುಗಿಯಲು ಐದು ದಿನ ಉಳಿದಿದ್ದಾಗ ನನ್ನನ್ನು ಕರೆದು, ಬಾಗಿಲು ಹಾಕಿ, "ಹವಾ ಛಲೋ ಇಲ್ರಿ ಮಾಸ್ತರ. ರಗತ ಬೇಕಾಗ್ಯಾದ" ಎಂದರು.

ಅದನ್ನು ಒದಗಿಸಲು ಠಾಣಾ ಕುಶನೂರಿನ ಕಡೆಯ ಒಬ್ಬ ಕುರಿಗಾಹಿ ಬಂದ. ಓಡುವ ಟಗರಿನ ಕೊಂಬಿಗೆ ಕವಣೆಕಲ್ಲಿನಿಂದ ಹೊಡೆದು ಇಡೀ ಹಿಂಡನ್ನೇ ತಿರುಗಿಸುವವನು.

"ಹೂವಿನಂಗ ತಾಗ್ಬೇಕ್ ನೋಡಪಾ. ಹಣಿ ಮ್ಯಾಲ," ಎಂದರು ಸಾಹೇಬರು.

"ನಮ್ಮ ಕೈ ಮ್ಯಾಲ ಭರೋಸಾ ಇಲ್ಲೇನ್ರಿ ಸಾಹೇಬ್ರ? ಓಡೋದಕ್ಕ ನಾವು ಒಂದು ಮಾರು ಮುಂದ ಗುರಿ ಇಡ್ತೇವ್ರಿ, ಅದೇ ಬಂದು ಕಲ್ಲಿಗಿ ತಾಗ್ತದ. ಜೀಪು ಒಂದೇ ಚಾಲಿನ್ಯಾಗ ಬರ್ಲಿ. ನಿಂದ್ರಬಾರ್ದು, ಅಷ್ಟೇ."

"ಹಂಗಾದ್ರ ಡ್ರೈವರಗ ಒಂದು ಮಾತು ಹೇಳೋದು ಛಲೋರಿ," ಎಂದೆ.

"ಹೇಳಿದ್ರ ಹಾದಿತುಂಬ ಅಳ್ತಾನ್ರಿ ಅಂವ. ನನ್ನ ಮ್ಯಾಲ ಜೀವ ಅವಂದು."

ಅದು ನಿಜ. ಜನವಾಡದ ಆ ಡ್ರೈವರನೇ ಭಾಲ್ಕಿಯಲ್ಲಿ ಅವರನ್ನು ಹೆಗಲ ಮೇಲೆ ಹೊತ್ತು ದವಾಖಾನೆಗೆ ಓಡಿದವನು.

ಮರುದಿನ ಮಧ್ಯಾಹ್ನ ತೊಗರಿ ಹೊಲಗಳ ನಡುವೆ ತೆರೆದ ಜೀಪು ಹೊರಟಿತು. ಸಾಹೇಬರು ಡ್ರೈವರನ ಹಿಂದೆ ನಿಂತು, ಹಣೆ ಎತ್ತಿ ಹಿಡಿದು, ಬೆಳೆಗಳಿಗೆಲ್ಲ ನಮಸ್ಕಾರ ಮಾಡುತ್ತಿದ್ದರು. ಬಲಗಡೆಯ ಬದುವಿನ ಮೇಲೆ ಕವಣೆ ತಿರುಗುವುದನ್ನು ನನಗಿಂತ ಮೊದಲು ಡ್ರೈವರ್ ಕಂಡ.

"ಸಾಹೇಬ್ರ, ಕುಂದರ್ರಿ!" ಎಂದು ಕೂಗಿ, ಸೀಟಿನಿಂದ ಎದ್ದು ನಿಂತೇ ಬ್ರೇಕ್ ತುಳಿದ.

ಜೀಪು ನಿಂತಿತು. ಸಾಹೇಬರ ಹಣೆ ಬರಬೇಕಾಗಿದ್ದ ಜಾಗದಲ್ಲಿ ಅವನ ಮುಖವಿತ್ತು. ತೆಂಗಿನಕಾಯಿ ಒಡೆದಂಥ ಸಪ್ಪಳ. ಅವನು ಸ್ಟೇರಿಂಗ್ ಮೇಲೆ ಕವುಚಿ ಬಿದ್ದ. ಹಾರ್ನ್ ಒಂದೇ ಸಮ ಕೂಗತೊಡಗಿತು. ಎತ್ತಿ ನೋಡಿದರೆ ಬಲಗಣ್ಣಿನ ಜಾಗದಲ್ಲಿ ರಕ್ತ ತುಂಬಿದ ಕುಳಿ. ರಕ್ತ ಗದ್ದದಿಂದ ಇಳಿದು ಅಂಗಿ ತೊಯ್ದು ಸೀಟಿನ ಮೇಲೆ ಹರಿಯುತ್ತಿತ್ತು.

ಜೀಪಿನಲ್ಲಿದ್ದ ಔಷಧದ ಪೆಟ್ಟಿಗೆಯಲ್ಲಿ ಬ್ಯಾಂಡೇಜಿನ ಒಂದೇ ಸುರುಳಿ ಇತ್ತು. ಸಾಹೇಬರ ಅಳತೆಗೆಂದು ನಾನೇ ತಂದದ್ದು.

"ತರ್ರಿ ಇತ್ತ," ಎಂದರು.

"ಸಾಹೇಬ್ರ, ಅವನ ಕಣ್ಣು..."

"ಮಂದಿ ಬರ್ಲತ್ತಾರ, ಲಗೂ ಕಟ್ರಿ!"

ಅಂಗೈಯನ್ನು ಡ್ರೈವರನ ಕೆನ್ನೆಗೆ ಒತ್ತಿ, ಆ ರಕ್ತವನ್ನೇ ತಮ್ಮ ಹಣೆಗೆ ಹಚ್ಚಿಕೊಂಡು ತಲೆ ಬಾಗಿಸಿದರು. ನಾನು ಕಟ್ಟಿದೆ. ಡ್ರೈವರನ ಕಣ್ಣಿಗೆ ನನ್ನ ಕರವಸ್ತ್ರ ಸಿಕ್ಕಿತು.

ಸಂಜೆಯೊಳಗೆ ಔರಾದಿನಲ್ಲಿ ಲೋಕಾಭಿಪ್ರಾಯ ಜಾಗೃತವಾಯಿತು. ಎದುರಾಳಿಯ ಎರಡು ಜೀಪು ಸುಟ್ಟವು. ಅವನ ಚೀಟಿ ಹಂಚುತ್ತಿದ್ದ ಬಡಪಾಯಿಯೊಬ್ಬನನ್ನು ಬಸ್‌ಸ್ಟ್ಯಾಂಡಿನಲ್ಲಿ ಕೆಡವಿ, ದವಡೆ ಮುರಿಯುವ ತನಕ ಜನ ತುಳಿದರು. ಸಾಹೇಬರು ಜೀಪಿನ ಮೇಲೆ ನಿಂತು ಎರಡೂ ಕೈ ಎತ್ತಿ ಶಾಂತಿ ಬೇಡಿದರು. ಬ್ಯಾಂಡೇಜು ಸ್ವಲ್ಪವೂ ಜಾರಲಿಲ್ಲ. ಗಂಟು ಬಿಗಿಯಾಗಿತ್ತು ಎಂದು ಆಮೇಲೆ ನನ್ನನ್ನು ಹೊಗಳಿದರು. ಆ ನೌಕರಿಯಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಮತದಾನವಾಯಿತು, ಗೆದ್ದರು.

ಸಾಹೇಬರ ಕೊರಳಿಗೆ ಹಾರ ಬೀಳುತ್ತಿದ್ದ ದಿನ ನಾನು ಬೀದರಿನ ದವಾಖಾನೆಗೆ ಹೋದೆ. ಡ್ರೈವರನ ಬಲಗಣ್ಣನ್ನು ತೆಗೆದುಬಿಟ್ಟಿದ್ದರು. ಸಪ್ಪಳಕ್ಕೆ ನನ್ನ ಕಡೆ ತಿರುಗಿದ.

"ಸಾಹೇಬ್ರ ತಲಿಗಿ ಎಷ್ಟು ಹೊಲಿಗಿ ಬಿದ್ವುರಿ ಮಾಸ್ತರ?"

"ಒಂದೂ ಇಲ್ಲ," ಎಂದೆ.

"ನೋಡ್ರಿ, ನಾ ಬ್ರೇಕ್ ತುಳದಿದ್ದು ಛಲೋ ಆತು," ಎಂದು ಅವನು ಉಳಿದ ಕಣ್ಣನ್ನು ಒರೆಸಿಕೊಂಡ.